ಬ್ರೇಕಿನಾಗ ಗಾಳಿ

ನಮ್ಮಣ್ಣ ಕ್ರಾಂತಿ ನನ್ನ ಬಲಗೈ ಬೆರಳು ಒಂದೊಂದಾಗಿ ಬಿಡಿಸಿ ನೋಡಿ, "ಈ ಕೈಯಾಗ ಬ್ರೇಕ್ ಹಿಡದರ ಗಾಡಿ ನಿಂದ್ರೋದು ಮುಂದಿನ ಊರಾಗ" ಅಂದ.

ನಾಳೆಯಿಂದ ನಾನು ತೆಲಿಗಿಯ ಹಾಲಿನ ಡೈರಿಯಲ್ಲಿ ಕೆಲಸಕ್ಕೆ ಹೋಗಬೇಕಿತ್ತು. ಕಂಪ್ಯೂಟರಿನಲ್ಲಿ ಹಾಲಿನ ಲೆಕ್ಕ ಬರೆಯುವ ಕೆಲಸ. ನಮ್ಮೂರು ಹರಪನಹಳ್ಳಿಯಿಂದ ಹೊರಡುವ ಮೊದಲ ಬಸ್ಸು ಅಲ್ಲಿಗೆ ಮುಟ್ಟುವಷ್ಟರಲ್ಲಿ ಬೆಳಗಿನ ಹಾಲು ಅಳೆದು ಮುಗಿದಿರುತ್ತದೆ. ಅಣ್ಣ ಹಡಗಲಿಯಲ್ಲಿ ಲೈನ್‌ಮನ್. ಅಲ್ಲೇ ರೂಮು ಮಾಡಿದ್ದಾನೆ. "ನನಗ ಅಲ್ಲಿ ಆಫೀಸಿನ ಗಾಡಿ ಐತಿ, ಇದನ್ನ ನೀನ ಇಟಗೊ" ಅಂತ ತನ್ನ ಬೈಕನ್ನು ನನಗೆ ಬಿಟ್ಟಿದ್ದ. ಮೈದಾನದಲ್ಲಿ ಸುತ್ತು ಹೊಡೆಸಿ ಕಲಿಸಿದವನೂ ಅವನೇ. ಓಡಿಸುವುದೇನೋ ಬಂತು. ನಿಲ್ಲಿಸುವುದು ಬರಲಿಲ್ಲ. ಮುಂದಿನ ಬ್ರೇಕಿನ ಲಿವರ್ ಮೆತ್ತಗೆ ನೆನೆದ ಅವಲಕ್ಕಿಯ ಹಾಗೆ ಒಳಗೆ ಹೋಗುತ್ತಿತ್ತು. ಹ್ಯಾಂಡಲ್ ಮುಟ್ಟುವ ತನಕ ಎಳೆದರೆ ಆಗ ಒಂಚೂರು ಹಿಡಿಯುತ್ತಿತ್ತು. ಅಷ್ಟು ದೂರ ನನ್ನ ಬೆರಳು ಎಳೆಯುತ್ತಿರಲಿಲ್ಲ.

"ತಪ್ಪು ನಿನ್ನ ಬೆರಳಿಂದಲ್ಲ" ಅಂತ ಅಣ್ಣ ಹಳೇ ರಬ್ಬರ್ ಪೈಪನ್ನು ತೋರಿಸಿದ. "ನೀ ಒತ್ತಿದ ಬಲ ಚಕ್ರಕ್ಕ ಹೋಗಬೇಕು. ಇದು ಮುದಿ ರಬ್ಬರ್. ಉಬ್ಬಿ, ಅರ್ಧ ಬಲ ತಾನ ನುಂಗತೈತಿ."

ಹಗರಿಬೊಮ್ಮನಹಳ್ಳಿಯಲ್ಲಿ ಸ್ಪೇರ್ ಅಂಗಡಿ ಇಟ್ಟ ತನ್ನ ಗೆಳೆಯ ವೆಂಕಟೇಶನ ಕಡೆಯಿಂದ ಸ್ಟೀಲ್ ಎಳೆಯಿಂದ ಹೆಣೆದ ಹೊಸ ಪೈಪ್ ತರಿಸಿದ್ದ. ಅದು ಉಬ್ಬುವುದಿಲ್ಲವಂತೆ. ನಮ್ಮಜ್ಜಿ ಗಿಡ್ಡಮ್ಮ ಅದನ್ನು ಕೈಯಲ್ಲಿ ತೂಗಿ ನೋಡಿದಳು.

"ಬೆಳ್ಳಿ ಉಡದಾರ ಇದ್ದಂಗೈತಲ್ಲೋ. ಗಾಡಿಗೆ ಕಟ್ಟತೀಯ?"

"ಹೂಂ ಅಜ್ಜಿ, ಗಾಡಿಗೆ ನಡುವ ನಿಂದ್ರವಲ್ದು."

ಅಪ್ಪ ಅಮ್ಮ ಕೊಟ್ಟೂರಿಗೆ ಮದುವೆಗೆ ಹೋಗಿದ್ದರು. ಮನೆಯಲ್ಲಿ ನಾವು ಮೂವರೇ. ಅಣ್ಣ ಅಂಗಳದಲ್ಲಿ ಗೋಣಿಚೀಲ ಹಾಸಿ ಕೂತು ಹಳೇ ಪೈಪ್ ಬಿಚ್ಚಿ ಹೊಸದನ್ನು ಕೂಡಿಸಿದ. ಆಮೇಲೆ ಪೈಪಿನೊಳಗೆ ಬ್ರೇಕ್ ಎಣ್ಣೆ ತುಂಬಿಸಿ ಗಾಳಿ ಹೊರಗೆ ಹಾಕಬೇಕು. ಅದಕ್ಕೆ ಇಬ್ಬರು ಬೇಕು. ನಾನು ಮೇಲೆ ಲಿವರ್ ಒತ್ತಿ ಹಿಡಿದು "ಹಿಡದೀನಿ" ಅನ್ನಬೇಕು. ಆಗ ಅವನು ಕೆಳಗೆ ಚಕ್ರದ ಹತ್ತಿರ ಒಂದು ಸಣ್ಣ ನಟ್ಟು ಸಡಿಲ ಮಾಡುತ್ತಾನೆ. ಎಣ್ಣೆಯ ಜೊತೆ ಗಾಳಿ ಗುಳ್ಳೆಯಾಗಿ, ನಟ್ಟಿಗೆ ಸಿಕ್ಕಿಸಿದ ನಳಿಗೆಯಲ್ಲಿ ಹಾದು, ಕೆಳಗಿಟ್ಟ ಬಾಟಲಿಗೆ ಬರುತ್ತದೆ. ಅವನು ನಟ್ಟು ಬಿಗಿದು "ಬಿಡು" ಅಂದಮೇಲಷ್ಟೇ ನಾನು ಬಿಡಬೇಕು. ಮೊದಲೇ ಬಿಟ್ಟರೆ ಹೋದ ಗಾಳಿ ತಿರುಗಿ ಒಳಗೆ.

"ಹಿಡದೀನಿ" ಅಂದೆ.

"ಹಿಡದಿಯಾ?"

"ಹಿಡದೀನಿ."

"ಲೇ ಪ್ರಿಯಾ, ಸತ್ತಿಯೋ ಬದುಕೀಯೋ? ಬಾಯಿ ಬಿಟ್ಟು ಹೇಳು."

ನನ್ನ ದನಿಯೇ ಹಾಗೆ. ಡೈರಿಯ ಸಂದರ್ಶನದಲ್ಲಿ ಕಾರ್ಯದರ್ಶಿ ಶಿವಯೋಗಪ್ಪನವರು ನನ್ನ ಹೆಸರು ಕೇಳಿ, ಮತ್ತೆ ಕೇಳಿ, ಕೊನೆಗೆ "ಬರದು ತೋರಸಮ್ಮಾ" ಅಂದಿದ್ದರು. ಮನಸ್ಸಿನಲ್ಲಿ ಉದ್ದುದ್ದ ಮಾತಾಡುತ್ತೇನೆ. ತುಟಿಗೆ ಬರುವಷ್ಟರಲ್ಲಿ ಆರಿಹೋಗುತ್ತದೆ. ಅಣ್ಣನಿಗೆ ನಾನು ಅಂದದ್ದು ಕೇಳುತ್ತಿರಲಿಲ್ಲ. ಅವನು ತಡ ಮಾಡುತ್ತಿದ್ದ, ಅವನು ನಟ್ಟು ಬಿಗಿಯುವ ಮೊದಲೇ ಕೈ ಸೋತು ನಾನು ಬಿಡುತ್ತಿದ್ದೆ, ಗಾಳಿ ತಿರುಗಿ ಸೇರುತ್ತಿತ್ತು. ಎಷ್ಟು ಮಾಡಿದರೂ ಲಿವರ್ ಗಟ್ಟಿಯಾಗಲಿಲ್ಲ. ಇದ್ದ ಎಣ್ಣೆಯೂ ತಳ ಮುಟ್ಟಿತು.

ಅಣ್ಣ ವೆಂಕಟೇಶನಿಗೆ ಫೋನ್ ಹಚ್ಚಿದ. "ಏ ಇಲ್ಲೋ, ಜಬರದಸ್ತ್ ಗಾಳಿ ಹಿಡದೈತಿ. ಒಳಗ ಎಲ್ಲೋ ಕುಂತುಬಿಟ್ಟೈತಿ, ಏನ್ ಮಾಡಿದ್ರೂ ಹೊರಗ ಬರವಲ್ದು. ನಾಳಿ ಹುಡುಗಿ ಓಡಸಬೇಕು, ನನಗ ಅಂಜಿಕಿ ಹತ್ತೈತಿ."

ಅಜ್ಜಿ ಹೊಸ್ತಿಲ ಮೇಲೆ ಕೂತು ಕಡ್ಲಿ ಆರಿಸುತ್ತಿದ್ದಳು. ಅವಳ ಕೈ ನಿಂತದ್ದನ್ನು ನಾನು ನೋಡಿದೆ.

ಅಣ್ಣ ಹೊಸ ಎಣ್ಣೆ ತರಲು ಪೇಟೆಗೆ ಹೋದ. ಹೋಗುವಾಗ ಹ್ಯಾಂಡಲ್ ಮೇಲಿನ ಎಣ್ಣೆ ಡಬ್ಬಿಯ ಮುಚ್ಚಳವನ್ನು ಸುಮ್ಮನೆ ಮೇಲಿಟ್ಟು, "ಇದಕ್ಕ ಹನಿ ನೀರು ತಾಗಬಾರದು ನೋಡು. ಈ ಎಣ್ಣಿ ನೀರು ಕುಡಿತೈತಿ. ಆಮ್ಯಾಲ ಬ್ರೇಕ್ ಕಾದಾಗ ಆ ನೀರು ಕುದ್ದು ಆವಿಯಾದರ ಲಿವರ್ ಖಾಲಿ ಬೀಳತೈತಿ, ಗಾಡಿ ನಿಂದ್ರಾದಿಲ್ಲ" ಅಂದ. ನಾನು ತಲೆ ಆಡಿಸಿ ಒಳಗೆ ಹೋಗಿ ಅನ್ನಕ್ಕೆ ಅಕ್ಕಿ ತೊಳೆದು ನೆನೆಯಿಟ್ಟೆ.

ಅಡುಗೆಮನೆಯ ಕಿಟಕಿಯಿಂದ ಅಂಗಳ ಕಾಣುತ್ತದೆ. ಅಜ್ಜಿ ಹಿಂದಿನ ಓಣಿಯ ಚೌಡಕ್ಕನ ಮನೆಯಿಂದ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದಳು. ತಾಮ್ರದ ಗಿಂಡಿ. ಚೌಡಕ್ಕ ಗಾಳಿ ಹಿಡಿದವರಿಗೆ ನೀರು ಮಂತ್ರಿಸಿ ಕೊಡುತ್ತಾಳೆ. ಅಜ್ಜಿ ಬೈಕಿಗೆ ಒಂದು ಸುತ್ತು ಬಂದು, ಮುಚ್ಚಳ ಎತ್ತಿ, ಬಾಯಲ್ಲಿ ಏನೋ ಅಂದುಕೊಳ್ಳುತ್ತ ಒಂದಿಷ್ಟು ನೀರನ್ನು ಡಬ್ಬಿಯೊಳಗೆ ಬಿಟ್ಟಳು.

ನಾನು ಓಡಿ ಬಂದಾಗ ಮುಚ್ಚಳ ತಿರುಗಿ ಕೂತಿತ್ತು.

"ನಿಮ್ಮಣ್ಣಗ ಹೇಳಬ್ಯಾಡ" ಅಂದಳು. "ನಗತಾನ. ನೀ ಹೆಣ್ಮಗಳು, ನಸುಕಿನಾಗ ಒಬ್ಬಾಕಿ ಹೋಗಾಕಿ. ಒಳಗ ಕುಂತಿದ್ದನ್ನ ಹಂಗ ಕಟಗೊಂಡು ಹೋಗಂದ್ರ ನನಗ ಊಟ ಇಳಿತೈತೇನ?"

ಅಜ್ಜಿಗೆ ಆ ಹೆದರಿಕೆ ಇತ್ತು, ನನಗೆ ಬೇರೆಯದು. ಹೋದ ಬೇಸಗೆಯಲ್ಲಿ ಅಜ್ಜಿ ನನಗೆ ದೃಷ್ಟಿ ತೆಗೆದದ್ದನ್ನು ಅಣ್ಣ ಗೆಳೆಯರ ಮುಂದೆ ಮಾಡಿ ತೋರಿಸಿ ನಗಿಸಿದ್ದ. ಅಪ್ಪನೂ ನಕ್ಕಿದ್ದ. ನಮ್ಮ ಮನೆಯಲ್ಲಿ ದೇವರ ಪಟಗಳ ಜಾಗಕ್ಕೆ ಬುದ್ಧನ ಫೋಟೋ ಬಂದಮೇಲೆ ಅಜ್ಜಿಯ ಇಂಥ ಕೆಲಸಗಳಿಗೆಲ್ಲ ನಗುವುದೇ ರೂಢಿ. ಅಜ್ಜಿ ಚೀಲ ತಗೊಂಡು ಕೂಡ್ಲಿಗಿಗೆ, ತನ್ನ ತಮ್ಮ ಸುಂಕಪ್ಪನ ಮನೆಗೆ ಹೋದವಳು ಮಳೆಗಾಲ ಮುಗಿಯುವ ತನಕ ಬರಲಿಲ್ಲ. ಆ ದಿನಗಳಲ್ಲಿ ಮನೆ ಹೇಗಿತ್ತೆಂದು ನನಗೇ ಗೊತ್ತು. ಅವಳ ಪಕ್ಕ ಮಲಗುವವಳು ನಾನೇ.

ಹೇಳಿದರೆ ಅಜ್ಜಿ ಹೋಗುತ್ತಾಳೆ. ಹೇಳದಿದ್ದರೆ ನಾಳೆ ಆ ಬ್ರೇಕನ್ನು ನಂಬಿ ರಸ್ತೆಗೆ ಇಳಿಯುವವಳು ನಾನು.

ಅಣ್ಣ ಬಂದ. ಎಣ್ಣೆಯಲ್ಲಿ ನೀರು ಕಲೆತುಹೋಗಿತ್ತು, ನೋಡಿದರೂ ಗೊತ್ತಾಗುತ್ತಿರಲಿಲ್ಲ. "ಲೇ, ಇಷ್ಟಿತ್ತಾ ಇದು?" ಅಂತ ಇಣುಕಿ, ತನ್ನದೇ ನೆನಪು ತಪ್ಪಿರಬೇಕು ಅಂದುಕೊಂಡು ಕೆಳಗೆ ಕೂತ. "ಒತ್ತು."

ಒತ್ತಿದೆ. ಅಜ್ಜಿ ಬಾಗಿಲ ಚೌಕಟ್ಟಿಗೆ ಆತು ನನ್ನನ್ನೇ ನೋಡುತ್ತಿದ್ದಳು.

"ಹಿಡದಿಯಾ?"

ಸ್ಪ್ಯಾನರ್ ನಟ್ಟಿಗೆ ಕೂತ ಸಪ್ಪಳ ಕೇಳಿತು.

"ಬಿಚ್ಚಬ್ಯಾಡ!" ಅಂದೆ. ಎದುರುಮನೆಯ ನಾಯಿ ಎದ್ದು ನಿಂತಿತು. "ಅದರಾಗ ನೀರು ಬಿದ್ದೈತಿ. ಅಜ್ಜಿ ಹಾಕ್ಯಾಳ. ನನಗೋಸ್ಕರ ಹಾಕ್ಯಾಳ. ನೀ ನಗಬ್ಯಾಡ. ನಕ್ಕರ ನಾ ಈ ಗಾಡಿ ಮುಟ್ಟಾದಿಲ್ಲ, ತೆಲಿಗಿಗೂ ಹೋಗಾದಿಲ್ಲ."

ಒಂದೇ ಉಸಿರಿಗೆ ಅಷ್ಟು ಮಾತು ನಾನು ಯಾವತ್ತೂ ಆಡಿರಲಿಲ್ಲ. ಲಿವರನ್ನು ಇನ್ನೂ ಒತ್ತಿಯೇ ಹಿಡಿದಿದ್ದೆ.

ಅಣ್ಣ ಎದ್ದು ಎಣ್ಣೆಗೈ ಗೋಣಿಗೆ ಒರೆಸಿಕೊಂಡ. ಅವನ ಮೀಸೆ ಒಂದು ಸಲ ಅಲುಗಿತು. ನಾನು ದಿಟ್ಟಿಸಿ ನೋಡಿದ್ದಕ್ಕೆ ನಿಂತಿತು.

"ಯಾಕ ಅಜ್ಜಿ?"

"ಯಾಕ ಅಂತೀಯಲ್ಲ! ನೀನ ಅಂದ್ಯೆಲ್ಲೋ ಫೋನಿನಾಗ. ಗಾಳಿ ಹಿಡದೈತಿ, ಒಳಗ ಕುಂತೈತಿ, ಹೊರಗ ಬರವಲ್ದು, ಅಂಜಿಕಿ ಹತ್ತೈತಿ ಅಂತ. ಓದಿದಾವ ಅಂಜ್ಯಾನ ಅಂದಮ್ಯಾಲ ನಾ ಸುಮ್ಮನ ಕುಂದ್ರಬೇಕಾ?"

ಅಣ್ಣ ತಾನು ಆಡಿದ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಆಡಿ ನೋಡಿದ ಅಂತ ಕಾಣುತ್ತದೆ. ಮುಖ ಮೆತ್ತಗಾಯಿತು.

"ಹೌದಲ್ಲಬೇ" ಅಂದ. "ನಾ ಅಂದಿದ್ದ ಹಂಗ. ಖರೇನ ಅಂಜಿದ್ದೆ. ಆದ್ರ ಇದು ಬರೇ ಉಸಿರಿನ ಗಾಳಿ. ಬಾ ಇಲ್ಲಿ, ತೋರಸತೀನಿ."

ಡಬ್ಬಿಯ ಎಣ್ಣೆಯನ್ನೆಲ್ಲ ಬಟ್ಟೆಯಲ್ಲಿ ಹೀರಿ ತೆಗೆದು ಒರೆಸಿ, ಹೊಸ ಎಣ್ಣೆಯ ಬಾಟಲಿ ಬಿಚ್ಚಿದ. ಅಜ್ಜಿಗೆ ಸ್ಟೂಲ್ ಹಾಕಿ ಬೈಕಿನ ಪಕ್ಕ ಕೂಡಿಸಿದ. "ನೀ ಒತ್ತು. ಪ್ರಿಯಾ ಕೆಳಗ ನಟ್ಟು ನೋಡತಾಳ. ನಾ ಎಣ್ಣಿ ಸುರೀತೀನಿ."

ಹೊಲದ ಕೆಲಸ ಮಾಡಿ ಮಾಡಿ ಕಬ್ಬಿಣದಂತಾದ ಕೈ ಅದು. ಅಜ್ಜಿ ಒತ್ತಿ, "ಹಿಡದೀನಿ ನೋಡ್ರೋ!" ಅಂತ ಇಡೀ ಓಣಿಗೆ ಕೇಳುವಂತೆ ಕೂಗಿದಳು. ನಾನು ನಟ್ಟು ಸಡಿಲಿಸಿದೆ. ಪಾರದರ್ಶಕ ನಳಿಗೆಯಲ್ಲಿ ಎಣ್ಣೆ ಬಂತು. ಅದರ ಬೆನ್ನಿಗೆ ಗುಳ್ಳೆಗಳು, ಸಾಲಾಗಿ, ಬಾಟಲಿಗೆ ಹೋಗಿ ಒಡೆದವು. ಬಿಗಿದು "ಬಿಡು" ಅಂದೆ. ಅಜ್ಜಿ ಸ್ಟೂಲಿನಿಂದ ಬಗ್ಗಿ ನೋಡಿದಳು.

"ಇದ ಏನು, ಒಳಗ ಕುಂತಾಕಿ? ಹೊಂಟಾಳ ನೋಡು, ಹೊಂಟಾಳ!"

"ಹೂಂ, ಹೊಂಟಾಳ" ಅಂದ ಅಣ್ಣ. "ಎಲ್ಲಿಗ್ ಹೊಂಟಾಳ ಕೇಳು."

"ಕೂಡ್ಲಿಗಿಗೆ" ಅಂದಳು ಅಜ್ಜಿ. ಅಂದು ತಾನೇ ಮೊದಲು ನಕ್ಕಳು. ಆಮೇಲೆ ಅಣ್ಣ ನಕ್ಕ. ಅದು ಆ ಬೇಸಗೆಯ ನಗೆ ಆಗಿರಲಿಲ್ಲ. ನನಗೆ ಮಾತ್ರ ಕಣ್ಣು ತುಂಬಿ ನಟ್ಟು ಕಾಣದೆ ಹೋಯಿತು.

ನೀರು ಸೇರಿದ ಎಣ್ಣೆಯೆಲ್ಲ ಹೋಗುವ ತನಕ, ಗುಳ್ಳೆ ಪೂರಾ ನಿಲ್ಲುವ ತನಕ ಬಿಟ್ಟೂ ಬಿಡದೆ ಮಾಡಿದೆವು. ಕೊನೆಗೆ ನಾನು ಲಿವರಿಗೆ ಬೆರಳಿಟ್ಟಾಗ ಅದು ಮೆತ್ತಗೆ ಒಳಗೆ ಸರಿಯಲಿಲ್ಲ. ಎರಡು ಬೆರಳಿಗೇ ಗಟ್ಟಿಯಾಗಿ ಎದುರು ನಿಂತಿತು. ಅಣ್ಣ ಬೈಕನ್ನು ಜೋರಾಗಿ ಹಿಂದಿನಿಂದ ನೂಕಿದ. ನಾನು ಹಿಡಿದೆ. ಅಲ್ಲೇ ನಿಂತಿತು.

"ಓಣಿ ತುದಿ ಮಟ ಹೊಡಕೊಂಡು ಬಾ" ಅಂದ.

"ನಾನೂ ಬರತೀನಿ" ಅಂತ ಅಜ್ಜಿ ಸೆರಗು ಸಿಕ್ಕಿಸಿದಳು. "ಒತ್ತಿದಾಕಿ ನಾನು."

ಒಂದೇ ಕಡೆ ಕಾಲಿಟ್ಟು ಹಿಂದೆ ಕೂತು ನನ್ನ ನಡು ಹಿಡಿದಳು. ನಿಧಾನವಾಗಿ ಹೊರಟೆವು. ತಿರುವಿನಲ್ಲಿ ಒಂದು ಎಮ್ಮೆ, ತನಗೆ ಯಾವ ಅವಸರವೂ ಇಲ್ಲವೆಂಬಂತೆ, ಅಡ್ಡ ಬಂತು. ಹಿಂದಿನ ಬ್ರೇಕಿನ ಮೇಲೆ ಕಾಲಿಟ್ಟು, ಎರಡು ಬೆರಳು ಒತ್ತಿದೆ. ಬೈಕು ಎಮ್ಮೆಯ ಬಾಲಕ್ಕೆ ಒಂದು ಮೊಳ ದೂರದಲ್ಲಿ ನಿಂತಿತು. ಅಜ್ಜಿಯ ಮುಖ ನನ್ನ ಬೆನ್ನಿಗೆ ಬಂದು ಬಡಿಯಿತು.

"ಅಯ್ಯಯ್ಯ, ಮೂಗು ಹೋತಲ್ಲೇ ನಂದು!"

"ನೋವಾತೇನಬೇ?" ಅಂತ ತಿರುಗಿದೆ.

ಅವಳು ಮೂಗು ಮುಟ್ಟಿ ನೋಡಿಕೊಂಡು, ನನ್ನ ಮುಖ ನೋಡಿ, ಎಮ್ಮೆ ನೋಡಿದಳು. "ನಿಂತೈತಲ್ಲ, ಸಾಕು. ಇನ್ನ ಅದನ್ನ ದಾಟಸಿ ತೆಲಿಗಿ ರಸ್ತೆ ಹಿಡಿ. ಮನೀಗ ಹೋಗಿ ಏನ್ ಮಾಡೋದೈತಿ, ಅನ್ನಕ್ಕ ಅವ ಇಡತಾನ."

"ಅನ್ನಕ್ಕಿಡೋ ಅಣ್ಣಾ!" ಅಂತ ಅಲ್ಲಿಂದಲೇ ಕೂಗಿದೆ. ಓಣಿಯ ಆ ತುದಿಯಲ್ಲಿ ಅವನು ಕೈ ಎತ್ತಿದ.