ಗುಂಡಿ ಹಾಕಿದ ಕೋಳಿಗೂಡು

ಕೋಳಿಗೂ ಕೆಮ್ಮು ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ಕೋಳಿ ಸಾಕಿದವರಿಗೆ ನಗು ಬರುತ್ತದೆ. ಕೋಳಿ ಕೆಮ್ಮುತ್ತದೆ, ಸೀನುತ್ತದೆ, ಗೊರಗೊರ ಅನ್ನುತ್ತದೆ. ಚಳಿ ಶುರುವಾಗಿ ಹದಿನೈದು ದಿನ ಕಳೆಯುವಷ್ಟರಲ್ಲಿ ಹಿತ್ತಲಲ್ಲಿ ಕೋಳಿ ಇಟ್ಟವರು ಬೇಲಿಯ ಮೇಲಿಂದ ಕೇಳಿಕೊಳ್ಳುವ ಮಾತು ಒಂದೇ: "ನಿಮ್ಮವು ಹೇಗಿವೆ? ನಮ್ಮವು ಯಾಕೋ ಮಂಕಾಗಿವೆ."

ಒಂದೂರಿನ ದರ್ಜಿಯೊಬ್ಬನ ಮನೆಯಲ್ಲಿ ಆದದ್ದೂ ಅಷ್ಟೇ. ಆದರೆ ಅದಕ್ಕೆ ಅವನು ಹೂಡಿದ ಉಪಾಯ ಮಾತ್ರ ಇನ್ನೊಬ್ಬರಿಗೆ ಹೊಳೆಯುವಂಥದ್ದಲ್ಲ.

ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಹಿಂದೆ ಅಡುಗೆಮನೆ, ಅದರಾಚೆ ಬಟ್ಟೆ ಒಗೆಯುವ ಕಲ್ಲು, ಕಲ್ಲಿನ ಪಕ್ಕದಲ್ಲಿ ಕೋಳಿಗೂಡು. ಒಂಬತ್ತು ಹೆಂಟೆ, ಒಂದು ಹುಂಜ. ಗೂಡು ಅಂದರೆ ಅಂಗಡಿಯಲ್ಲಿ ಬಟ್ಟೆ ಇಡುತ್ತಿದ್ದ ಹಳೆಯ ಮರದ ಬೀರು. ಅದರ ಹಲಗೆಗಳನ್ನು ಕಿತ್ತು, ಮೊಣಕಾಲೆತ್ತರದಲ್ಲಿ ಎರಡು ಅಡ್ಡಗೋಲು ಹೊಡೆದು, ನಾಲ್ಕು ಮೂಲೆಗೆ ಇಟ್ಟಿಗೆ ಕೊಟ್ಟು, ತಲೆಯ ಮೇಲೆ ತಗಡಿನ ಹಾಳೆ ಹೊದಿಸಿ ನಿಲ್ಲಿಸಿದ್ದ. ನೆಲಕ್ಕೆ ಹುಲ್ಲು, ಹೊಟ್ಟು ಯಾಕೆ ಬೇಕು? ಕತ್ತರಿಸಿ ಉಳಿದ ಚೂರುಬಟ್ಟೆ ಅವನಲ್ಲಿ ಚೀಲಗಟ್ಟಲೆ ಇತ್ತು, ಅದನ್ನೇ ಹಾಸಿದ. ಕೋಳಿಗಳು ಹಗಲೆಲ್ಲ ಹಿತ್ತಲಲ್ಲಿ ಕೆದಕಿಕೊಂಡಿದ್ದು ಸಂಜೆಗೆ ತಾವಾಗಿಯೇ ಒಳಗೆ ಹೋಗಿ ಕೂರುತ್ತಿದ್ದವು. ಅಳತೆ ಕೊಡಲು ಬಂದವರನ್ನು ಅವನು ಹಿತ್ತಲಿಗೆ ಕರೆದುಕೊಂಡು ಹೋಗಿ ಬೀರು ತೋರಿಸುತ್ತಿದ್ದ. ಅವರೂ "ಭೇಷ್" ಅನ್ನುತ್ತಿದ್ದರು. ಬಟ್ಟೆ ಬೇಗ ಬೇಕಲ್ಲ, ಅನ್ನದೆ ಏನು ಮಾಡಿಯಾರು?

ಈ ಕೋಳಿಗಳು ನಿಜಕ್ಕೂ ಅವನ ತಾಯಿಯವು. ಆಕೆಗೆ ಕಣ್ಣು ಕಾಣುವುದು ನಿಂತು ಮೂರು ವರ್ಷವಾಗಿತ್ತು. ಬೆಳಿಗ್ಗೆ ಸೊಸೆ ಕೈಹಿಡಿದು ತಂದು ಮಣೆಯ ಮೇಲೆ ಕೂರಿಸಿದರೆ ಮಧ್ಯಾಹ್ನದವರೆಗೂ ಹಿತ್ತಲೇ ಆಕೆಯ ಲೋಕ. ಒಂಬತ್ತು ಹೆಂಟೆಗಳನ್ನೂ ಸ್ವರದಿಂದಲೇ ಗುರುತು ಹಿಡಿಯುತ್ತಿದ್ದಳು. ಅವುಗಳಲ್ಲಿ ಒಂದು ಬೂದುಬಣ್ಣದ ಹೆಂಟೆ, ಹೆಸರು ಗೊಣಗಿ. ಕಾಳು ಹಾಕಿದರೂ ಗೊಣಗಾಟ, ಹಾಕದಿದ್ದರೂ ಗೊಣಗಾಟ. ಮುದುಕಿಗೂ ಅದಕ್ಕೂ ಗಂಟೆಗಟ್ಟಲೆ ಮಾತು ನಡೆಯುತ್ತಿತ್ತು.

ಚಳಿ ಬಂದ ಹೊಸತರಲ್ಲಿ ಮುದುಕಿಯೇ ಮೊದಲು ಹೇಳಿದಳು, "ಲೋ, ಕೆಂಪು ಹೆಂಟೆಗೆ ಗಂಟಲು ಕಟ್ಟಿದೆ ಕಣೋ. ಗಾಳಿ ತಗುಲಿದೆ. ಸ್ವಲ್ಪ ಬೆಚ್ಚಗಿಡು."

ದರ್ಜಿ ಬೆಚ್ಚಗಿಟ್ಟ. ಬೀರುವಿನ ಬಿರುಕುಗಳಿಗೆಲ್ಲ ಬಟ್ಟೆ ತುರುಕಿದ. ಬೀಗದ ಕೈ ಹಾಕುವ ತೂತಿಗೂ ಹತ್ತಿ ಇಟ್ಟ. ಎರಡು ದಿನದ ಮೇಲೆ ಬೆಳಿಗ್ಗೆ ಬಾಗಿಲು ತೆಗೆದರೆ ಒಳಗಿನ ಮೇಲ್ಭಾಗದಲ್ಲಿ ನೀರ ಹನಿಗಳು ಸಾಲಾಗಿ ತೂಗುತ್ತಿದ್ದವು. "ಓಹೋ, ತಗಡು ಸೋರುತ್ತಿದೆ" ಅಂದುಕೊಂಡು ಪ್ಲಾಸ್ಟಿಕ್ ಹಾಳೆ ಬಿಗಿದ. ಮಾರನೆಯ ದಿನ ಹನಿ ಇನ್ನೂ ಹೆಚ್ಚಾಯಿತು. ಕೆಂಪು ಹೆಂಟೆ ಸತ್ತಿತು.

ಆಗ ಅವನು ತನ್ನ ಕಸುಬನ್ನೇ ಕಣಕ್ಕಿಳಿಸಿದ. ಟೇಪು ಹಿಡಿದು ಬೀರುವಿನ ಅಳತೆ ತೆಗೆದುಕೊಂಡ. ದಪ್ಪ ಬಟ್ಟೆಗೆ ಒಳಗೆ ಲೈನಿಂಗು ಕೊಟ್ಟು, ತಲೆಯಿಂದ ಕಾಲಿನವರೆಗೆ ಮುಚ್ಚುವ ಗವಸೊಂದನ್ನು ಹೊಲಿದ. ಮುಂದುಗಡೆ ಹದಿನಾಲ್ಕು ಕಾಜ, ಹದಿನಾಲ್ಕು ಗುಂಡಿ. ಸಂಜೆ ಕೋಳಿಗಳು ಒಳಗೆ ಹೋದ ಮೇಲೆ ಬಗ್ಗಿ ಕೂತು ಒಂದೊಂದೇ ಗುಂಡಿ ಹಾಕುತ್ತಿದ್ದ. ಶಾಲೆಗೆ ಹೋಗುವ ಮಗುವಿಗೆ ಸ್ವೆಟರ್ ತೊಡಿಸುವವನ ಹಾಗೆ ಇತ್ತು ಅವನ ಶ್ರದ್ಧೆ.

ಆ ವಾರದಲ್ಲೇ ಇನ್ನೊಂದು ಹೆಂಟೆ ಸತ್ತಿತು. ಅದಾದ ಮೂರನೆಯ ದಿನ ಗೊಣಗಿ ಮಾತು ನಿಲ್ಲಿಸಿತು. ಕಣ್ಣಲ್ಲಿ ನೊರೆ ಕಟ್ಟಿ, ಕುತ್ತಿಗೆ ಒಳಗೆಳೆದುಕೊಂಡು ಕಲ್ಲಿನ ಪಕ್ಕ ಕೂತುಬಿಟ್ಟಿತು. ಮುದುಕಿ ಮಣೆಯ ಮೇಲೆ ಕೂತು ಕಿವಿಗೊಟ್ಟೇ ಇದ್ದಳು.

"ಇದೂ ಹೋದ್ರೆ ನನ್ ಜೊತೆ ಮಾತಾಡೋರು ಯಾರೋ?" ಅಂದಳು.

"ನಾನಿಲ್ವೇನಮ್ಮ?"

"ನೀನು ದಿನಕ್ಕೆ ಮೂರು ಮಾತಾಡ್ತೀಯ. ಅದ್ರಲ್ಲಿ ಎರಡು, ಕತ್ತರಿ ಎಲ್ಲಿ ಅಂತ."

 ದರ್ಜಿಗೆ ಭಯವಾಗಿತ್ತು. ಒಳಗೆ ಹೋಗಿ ಗವಸಿಗೆ ಇನ್ನೊಂದು ಪದರ ಕೊಡಲು ಬಟ್ಟೆ ಹುಡುಕತೊಡಗಿದ. ಅದನ್ನು ನೋಡಿ ಹೆಂಡತಿ ಇನ್ನು ಇವನನ್ನು ನಂಬಿದರೆ ಆಗದು ಎಂದು ಪಶು ಆಸ್ಪತ್ರೆಯ ಸಹಾಯಕಿಗೆ ಫೋನು ಮಾಡಿದಳು. ಊರವರು ಆಕೆಯನ್ನು ಕರೆಯುವುದು ಕೋಳಿ ಡಾಕ್ಟ್ರಮ್ಮ ಎಂದು. ಹರಡುವ ಕಾಯಿಲೆಯೇನಾದರೂ ಇರಬಹುದೇ ಎಂದು ಆಕೆ ಫೋನಿನಲ್ಲೇ ಒಂದಿಷ್ಟು ಕೇಳಿದಳು. ಕುತ್ತಿಗೆ ತಿರುಚುತ್ತಿದೆಯಾ? ಹಸಿರು ಹಿಕ್ಕೆ ಹಾಕ್ತಿವೆಯಾ? ಲಸಿಕೆ ಹಾಕ್ಸಿದ್ದೀರಾ? ಕತ್ತು ತಿರುಚಿಲ್ಲ, ಹಿಕ್ಕೆ ಹಸಿರಿಲ್ಲ, ಲಸಿಕೆ ಎರಡು ತಿಂಗಳ ಹಿಂದೆ ಹಾಕಿಸಿದ್ದಾಯಿತು ಎಂದಳು ಹೆಂಡತಿ.

"ಸರಿ. ಮಂಕಾಗಿರೋದನ್ನ ಬುಟ್ಟಿಯಲ್ಲಿ ಬೇರೆ ಇಡಿ. ಮಿಕ್ಕಿದ್ದು ಎಂದಿನ ಹಾಗೇ ಇರ್ಲಿ. ನಾಳೆ ಬೆಳಿಗ್ಗೆ ಮಾತ್ರ ನಾನು ಬರೋವರೆಗೆ ಗೂಡಿನ ಬಾಗಿಲು ತೆಗೀಬೇಡಿ."

ಬೆಳಿಗ್ಗೆ ಹುಂಜ ಎರಡನೆಯ ಸಲ ಕೂಗುವ ಹೊತ್ತಿಗೆ ಆಕೆ ಬಂದಳು. ಬಂದವಳೇ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಚೀಲದಿಂದ ಬೇರೆ ಚಪ್ಪಲಿ ತೆಗೆದು ಹಾಕಿಕೊಂಡಳು. ಸೋಪು ಕೇಳಿ ಕೈ ತೊಳೆದಳು.

"ಇನ್ನೂ ಏನೂ ಮುಟ್ಟೇ ಇಲ್ವಲ್ಲ ಮೇಡಂ" ಅಂದ ದರ್ಜಿ.

"ಇಲ್ಲಿ ಮುಟ್ಟಿಲ್ಲ ಅಣ್ಣ. ನಿನ್ನೆ ಇನ್ನೊಬ್ರ ಮನೆ ಕೋಳಿ ಮುಟ್ಟಿದೀನಿ. ಅಲ್ಲಿನ ಕಾಯಿಲೆ ನಿಮ್ಮ ಮನೆಗೆ ನಾನೇ ಹೊತ್ಕೊಂಡು ಬಂದ್ರೆ ಚೆನ್ನಾಗಿರುತ್ತಾ?"

ಹಿತ್ತಲಿಗೆ ಬಂದು ಗವಸು ತೊಟ್ಟು ನಿಂತ ಬೀರುವನ್ನು ಆಕೆ ಮೇಲಿಂದ ಕೆಳಗಿನವರೆಗೆ ನೋಡಿದಳು. ಗುಂಡಿಗಳನ್ನು ಎಣಿಸಿದಳೋ ಏನೋ.

"ಹೊಲಿಗೆ ತುಂಬಾ ಚೆನ್ನಾಗಿದೆ" ಅಂದಳು ಕೊನೆಗೆ.

ದರ್ಜಿ ಉಬ್ಬಿದ. "ಮೂವತ್ತು ವರ್ಷದಲ್ಲಿ ನನ್ ಕೈಯಿಂದ ಹೋದ ಬಟ್ಟೆ ಬಿಗಿ ಆಯ್ತು ಅಂತ ಒಂದೂ ವಾಪಸ್ ಬಂದಿಲ್ಲ ಮೇಡಂ. ಒಂದು ಎಳೆ ಗಾಳಿ ಒಳಗೆ ಹೋಗಲ್ಲ ನೋಡಿ. ಆದ್ರೂ ಇವಕ್ಕೆ ನೆಗಡಿ ಹಿಡಿದಿದೆ. ಏನಾದ್ರೂ ಔಷಧಿ ಕೊಟ್ಬಿಡಿ, ಸಾಕು."

"ಔಷಧಿ ಆಮೇಲೆ. ಮೊದ್ಲು ಗುಂಡಿ ಬಿಚ್ಚಿ, ಬಾಗಿಲು ತೆಗೀರಿ. ಕೋಳಿಗಳು ಹೊರಗೆ ಹೋದ ತಕ್ಷಣ ನೀವು ಬಗ್ಗಿ, ಕೋಳಿ ಕೂರೋ ಎತ್ತರಕ್ಕೆ ತಲೆ ಒಳಗಿಡಿ. ಮೂಗು ಮುಚ್ಚಬಾರ್ದು. ನಾನು ಇಪ್ಪತ್ತರವರೆಗೆ ಎಣಿಸ್ತೀನಿ."

"ಇದೇನ್ರೀ ಆಟ?"

"ಆಟವೇ ಅಂದ್ಕೊಳ್ಳಿ. ಇಪ್ಪತ್ತಾದ ಮೇಲೆ ಔಷಧಿ ಕೊಡ್ತೀನಿ."

ಹದಿನಾಲ್ಕು ಗುಂಡಿ ಬಿಚ್ಚಿದ್ದಾಯಿತು. ಬಾಗಿಲು ತೆರೆದದ್ದೇ ತಡ ಕೋಳಿಗಳು ಒಂದರ ಮೇಲೊಂದು ಬಿದ್ದು ಹೊರಗೆ ಬಂದವು. ದರ್ಜಿ ಮಂಡಿಯೂರಿ ಒಳಗೆ ತಲೆ ಹಾಕಿದ. ಆಕೆ ನಿಧಾನವಾಗಿ ಎಣಿಸತೊಡಗಿದಳು. ಐದರ ಹೊತ್ತಿಗೆ ಅವನ ಮೂಗು ಉರಿಯಿತು. ಎಂಟಕ್ಕೆ ಕಣ್ಣಲ್ಲಿ ಮೆಣಸಿನಪುಡಿ ಬಿದ್ದಂತಾಯಿತು. ಹನ್ನೊಂದಕ್ಕೆ ಕೆಮ್ಮುತ್ತಾ ಹಿಂದಕ್ಕೆ ಬಿದ್ದು, ಒಗೆಯುವ ಕಲ್ಲನ್ನು ಹಿಡಿದುಕೊಂಡು ಕೂತ. ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಅವನ ಕೆಮ್ಮು ಕೇಳಿ ಮಣೆಯ ಮೇಲಿದ್ದ ಮುದುಕಿ ತಲೆ ಎತ್ತಿದಳು.

"ಅದು ಯಾವ ಕೋಳಿ? ಅದಕ್ಕೂ ಗಾಳಿ ತಗುಲ್ತಾ?"

"ನಿಮ್ ಮಗ ಅತ್ತೆ" ಅಂದಳು ಸೊಸೆ.

ಕೋಳಿ ಡಾಕ್ಟ್ರಮ್ಮ ನಗಲಿಲ್ಲ. ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. "ನೀವು ಹನ್ನೊಂದು ಎಣಿಸೋವರೆಗೆ ಇದ್ರಿ ಅಣ್ಣ. ಅವು ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಇರ್ತವೆ. ಹಿಕ್ಕೆ ಒದ್ದೆಯಾಗಿ ಕೊಳೆತ್ರೆ ಅಮೋನಿಯಾ ಅಂತ ಖಾರದ ಗಾಳಿ ಹುಟ್ಟುತ್ತೆ. ಅದು ಹೊರಗೆ ಹೋಗೋಕೆ ದಾರಿ ಇಲ್ದಿದ್ರೆ ಕೋಳಿ ಕಣ್ಣು, ಗಂಟಲು, ಎದೆ ಎಲ್ಲ ಸುಡುತ್ತೆ. ಹಾಗೆ ಸೊರಗಿದ ಕೋಳಿಗೆ ಬೇರೆ ಕಾಯಿಲೆ ಹಿಡಿಯೋದು ಸಲೀಸು."

"ಮತ್ತೆ ಒಳಗೆ ನೀರು ಸೋರ್ತಿತ್ತಲ್ಲ?"

"ಮಳೆ ಬಂದು ಎಷ್ಟು ದಿನ ಆಯ್ತು?"

ದರ್ಜಿ ಯೋಚಿಸಿದ. ಮಳೆ ನಿಂತು ತಿಂಗಳಾಗಿತ್ತು.

"ಅದು ಮೇಲಿಂದ ಸೋರಿದ ನೀರಲ್ಲ. ಅವುಗಳದೇ ಉಸಿರು, ಅವುಗಳದೇ ಹಿಕ್ಕೆಯ ಹಸಿ. ಮೇಲಕ್ಕೆ ಹೋಗಿ, ದಾರಿ ಕಾಣದೆ, ತಣ್ಣಗಾಗಿ, ಮತ್ತೆ ಅವುಗಳ ಮೈಮೇಲೇ ಬಿತ್ತು. ಕೋಳಿಗೆ ಮೈತುಂಬ ಪುಕ್ಕ ಇದೆ ಅಣ್ಣ. ಮೈ ಒಣಗಿದ್ರೆ ಇಂಥ ಚಳಿಗೆ ಜಗ್ಗಲ್ಲ. ಒದ್ದೆಯಾದ್ರೆ ಮಾತ್ರ ತಡೆಯಲ್ಲ. ಪುಟ್ಟ ಮರಿಗಳ ಲೆಕ್ಕ ಬೇರೆ, ಅವಕ್ಕೆ ಕಾವು ಬೇಕೇ ಬೇಕು."

"ಗಾಳಿ ಬಿಟ್ರೆ ಗಾಳಿ ತಗುಲಲ್ವೇನಮ್ಮ?" ಮುದುಕಿ ಅನುಮಾನದಿಂದ ಕೇಳಿದಳು. ಬೆಚ್ಚಗಿಡು ಎಂದು ಮೊದಲು ಹೇಳಿದವಳು ತಾನೇ ಎಂಬ ಅಳುಕು ಆ ದನಿಯಲ್ಲಿತ್ತು.

"ನೀವು ಹೇಳಿದ್ದು ಸುಳ್ಳಲ್ಲ ಅಜ್ಜಿ. ಕೂತ ಕೋಳಿಯ ಮೈಗೆ ನೇರವಾಗಿ ಬೀಸೋ ಗಾಳಿ ಕೆಟ್ಟದ್ದೇ. ಅದಕ್ಕೆ ಕೆಳಗೆ ಮುಚ್ಚಿರ್ಬೇಕು. ಆದ್ರೆ ತಲೆಗಿಂತ ಮೇಲೆ ಈ ಕಡೆಯಿಂದ ಆ ಕಡೆ ಗಾಳಿ ಆಡ್ತಾ ಇರ್ಬೇಕು." ಆಕೆ ದರ್ಜಿಯ ಕಡೆ ತಿರುಗಿದಳು. "ನೀವು ಹೊಲಿಯೋವಾಗ ಕಂಕುಳಲ್ಲಿ ಸಡಿಲ ಬಿಡ್ತೀರಲ್ಲ, ಯಾಕೆ?"

"ಬಿಡದಿದ್ರೆ ಉಸಿರಾಡೋಕೆ..." ಅಂದವನು ಅಲ್ಲಿಗೇ ನಿಲ್ಲಿಸಿದ.

"ಈ ಗವಸಿಗೆ ಯಾರ ಅಳತೆ ತಗೊಂಡ್ರಿ?"

"ಬೀರುವಿಂದು."

"ಒಳಗಿದ್ದೋರ ಅಳತೆ ತಗೋಬೇಕಿತ್ತು. ಬಟ್ಟೆ ಬಿಗಿಯಾದ್ರೆ ಜನ ವಾಪಸ್ ತಂದು ನಿಮ್ಮ ಮುಖಕ್ಕೆ ಎಸೀತಾರೆ. ಇವು ಏನ್ ಮಾಡ್ಬೇಕು ಹೇಳಿ?"

ದರ್ಜಿ ಮುಖ ಒರೆಸಿಕೊಂಡ. ಅಮೋನಿಯಾದ ಉರಿ ಆಗಲೇ ಇಳಿದಿತ್ತು, ಆದರೂ ಕಣ್ಣೀರು ನಿಂತಿರಲಿಲ್ಲ. ಎರಡು ಕೋಳಿಗಳನ್ನು ಕೈಯಾರೆ ಉಸಿರುಗಟ್ಟಿಸಿದೆನಲ್ಲ ಅನ್ನಿಸಿತು ಅವನಿಗೆ. ಬುಟ್ಟಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಗೊಣಗಿಯ ಕಡೆ ನೋಡಲು ಅವನಿಗೆ ಧೈರ್ಯ ಬರಲಿಲ್ಲ.

"ಎಲ್ಲಿ ಕತ್ತರಿಸ್ಬೇಕು, ಗುರುತು ಹಾಕಿ ಕೊಡಿ ಮೇಡಂ" ಅಂದ.

ಸೀಮೆಸುಣ್ಣ ಅವನ ಜೇಬಲ್ಲೇ ಇತ್ತು. ಅಡ್ಡಗೋಲಿನ ಮೇಲೆ ಕೂತ ಕೋಳಿಯ ತಲೆಗಿಂತ ಎರಡು ಗೇಣು ಮೇಲೆ, ಬೀರುವಿನ ಎರಡು ಪಕ್ಕದಲ್ಲೂ ಎದುರುಬದುರಾಗಿ ಆಕೆ ಗೆರೆ ಎಳೆದಳು. ಅವನು ಪ್ಲಾಸ್ಟಿಕ್ ಹಾಳೆ ಕಿತ್ತುಹಾಕಿ, ಗರಗಸ ಹಿಡಿದು ಕೊಯ್ದ. ಕಿರುಬೆರಳೂ ತೂರದಷ್ಟು ಸಣ್ಣ ಕಣ್ಣಿನ ಗಟ್ಟಿ ತಂತಿ ಜಾಲರಿ ಹೊಡೆದ. ಇಲಿ, ಹಾವು, ಬೆಕ್ಕು ನುಗ್ಗಬಾರದಲ್ಲ? ಮಳೆ ಎರಚದ ಹಾಗೆ ಮೇಲಿನ ತಗಡನ್ನು ಒಂದು ಮೊಳ ಮುಂದಕ್ಕೆ ಎಳೆದ. ಹೆಂಡತಿ ಚೂರುಬಟ್ಟೆಯನ್ನೆಲ್ಲ ಗೋರಿ ಹೊರಗೆ ಹಾಕಿದಳು. ಮೇಲೆ ಒಣಗಿದಂತೆ ಕಾಣುತ್ತಿದ್ದ ಅದು ಅಡಿಯಲ್ಲಿ ಹಿಂಡಿದರೆ ನೀರು ಬರುವಷ್ಟು ಹಸಿಯಾಗಿತ್ತು.

"ಬಟ್ಟೆ ಹಾಸಲೇಬೇಡಿ" ಅಂದಳು ಕೋಳಿ ಡಾಕ್ಟ್ರಮ್ಮ. "ಹಸಿ ಹಿಡಿಯುತ್ತೆ, ಸಾಲದ್ದಕ್ಕೆ ಕೋಳಿ ದಾರ ನುಂಗುತ್ತೆ. ಒಣ ಹೊಟ್ಟೋ ಒಣ ಎಲೆಯೋ ನಾಲ್ಕು ಬೆರಳು ದಪ್ಪ ಹಾಕಿ. ದಿನಾ ಒಂದ್ಸಲ ಕೈಯಾಡ್ಸಿ, ಒದ್ದೆಯಾದ ಜಾಗದ್ದು ತೆಗೆದು ಹೊಸದು ಹಾಕಿ."

ಆಮೇಲೆ ಗೊಣಗಿಯ ಕಣ್ಣು ತೊಳೆದು ಔಷಧಿ ಹಾಕಿದಳು. ಹೋಗುವಾಗ ಇನ್ನೊಂದು ಮಾತು ಹೇಳಿದಳು: "ಕೆಮ್ಮೆಲ್ಲ ಇದೇ ಕಾರಣಕ್ಕೆ ಬರುತ್ತೆ ಅಂತ ತಿಳ್ಕೋಬೇಡಿ. ಇನ್ನೊಂದು ಕೋಳಿ ಸತ್ರೆ ಬರಿಗೈಯಲ್ಲಿ ಮುಟ್ಬೇಡಿ, ಅಡುಗೆ ಮಾಡ್ಬೇಡಿ, ಮಾರ್ಬೇಡಿ, ಎಸೀಬೇಡಿ. ತಕ್ಷಣ ನನಗೆ ಫೋನ್ ಮಾಡಿ."

ಗವಸನ್ನು ಏನು ಮಾಡುವುದು ಎಂಬ ಪ್ರಶ್ನೆ ಎದ್ದಿತು. ಅಷ್ಟು ಚೆಂದದ ಹೊಲಿಗೆ, ಬಿಸಾಡಲು ದರ್ಜಿಗೆ ಮನಸ್ಸು ಬರಲಿಲ್ಲ. ಹೆಂಡತಿ ಅದನ್ನು ಬಿಸಿನೀರಲ್ಲಿ ನೆನೆಸಿ ಒಗೆದು ಅವನ ಕೈಗೆ ಕೊಟ್ಟಳು. "ಕತ್ತರಿಸಿ ನಿಮ್ ಹೊಲಿಗೆ ಮಷೀನಿಗೆ ತೊಡ್ಸಿ. ಅದೊಂದೇ ಈ ಮನೇಲಿ ಉಸಿರಾಡದೇ ಇರೋದು."

ಎರಡು ದಿನ ಕಳೆದ ಮೇಲೆ ಬೆಳಿಗ್ಗೆ ಮುದುಕಿ ಮಗನನ್ನು ಗೂಡಿನ ಹತ್ತಿರ ಕರೆದಳು.

"ಇಲ್ಲಿ ಕೂತು ಕೇಳು."

ಅವನು ಕಿವಿಗೊಟ್ಟ. "ಏನೂ ಕೇಳಿಸ್ತಿಲ್ವಲ್ಲಮ್ಮ."

"ಅದೇ ಕಣೋ. ಗೊರಗೊರ ನಿಂತಿದೆ."

ಆದರೆ ಬುಟ್ಟಿಯಲ್ಲಿದ್ದ ಗೊಣಗಿಯ ಸದ್ದೂ ಇರಲಿಲ್ಲ. ದರ್ಜಿ ಅಂಗಡಿಯಿಂದ ದಿನಕ್ಕೆ ಹತ್ತು ಸಲ ಎದ್ದು ಬಂದು ಬುಟ್ಟಿ ಇಣುಕುತ್ತಿದ್ದ. ಅದು ಮೊದಲು ನೀರು ಕುಡಿಯಿತು, ಆಮೇಲೆ ನಾಲ್ಕು ಕಾಳು ತಿಂದಿತು, ಆಮೇಲೆ ಕಣ್ಣು ಬಿಟ್ಟಿತು. ಕೋಳಿ ಡಾಕ್ಟ್ರಮ್ಮ ಮತ್ತೆ ಬಂದು ನೋಡಿ, ಇನ್ನು ಜೊತೆಗೆ ಬಿಡಬಹುದು ಎಂದಳು. ಅಂದು ಸಂಜೆ ಅವನೇ ಅದನ್ನು ಎತ್ತಿ ಅಡ್ಡಗೋಲಿನ ಮೇಲೆ ಕೂರಿಸಿದ.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆಯಲು ಅವನು ಸ್ವಲ್ಪ ತಡಮಾಡಿದ. ಒಳಗಿನಿಂದ ಗೊಣಗಾಟ ಶುರುವಾಯಿತು. ಮೊದಲು ಮೆಲ್ಲಗೆ, ಆಮೇಲೆ ಒಂದೇ ಸಮನೆ. ಮಣೆಯ ಮೇಲಿದ್ದ ಮುದುಕಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಾಣದ ಕಣ್ಣಲ್ಲಿ ನೀರು ತುಂಬಿತು.

"ಬೈತಿದೆ ನೋಡೋ ನಿನ್ನ" ಅಂದಳು.

"ಬೈಲಿ ಬಿಡಮ್ಮ" ಅಂದ ದರ್ಜಿ, ಬಾಗಿಲು ತೆರೆಯುತ್ತಾ.

ಈಗ ನಿಮ್ಮ ಸರದಿ. ನಿಮ್ಮ ಹಿತ್ತಲಲ್ಲೂ ಹಳೇ ಪೆಟ್ಟಿಗೆಯದೋ ತಗಡಿನದೋ ಹಲಗೆಯದೋ ಒಂದು ಗೂಡು ಇದ್ದೀತು. ಚಳಿ ಬಂತೆಂದು ನೀವೂ ಅದಕ್ಕೆ ಗೋಣಿ ಹೊದಿಸಿರಬಹುದು, ಪ್ರೀತಿಯಿಂದಲೇ. ನಾಳೆ ಬೆಳಿಗ್ಗೆ ಕೋಳಿಗಳನ್ನು ಹೊರಗೆ ಬಿಟ್ಟ ಕೂಡಲೇ ಬಗ್ಗಿ, ಅವು ಕೂರುವ ಎತ್ತರಕ್ಕೆ ತಲೆ ಒಳಗಿಡಿ. ಮೇಲೆ ಹನಿ ಕಟ್ಟಿದೆಯೇ ನೋಡಿ. ಮೂಗು ಉರಿದರೆ, ಕಣ್ಣು ತುಂಬಿದರೆ ಹೆಚ್ಚು ಹೊತ್ತು ನಿಲ್ಲಬೇಡಿ. ಹೊರಗೆ ಬಂದು ಅವತ್ತೇ ಹಸಿ ಹಾಸನ್ನು ಬದಲಿಸಿ, ತಲೆಗಿಂತ ಮೇಲೆ ಎರಡೂ ಕಡೆ ಕಿಂಡಿ ತೆಗೆದು ಜಾಲರಿ ಹೊಡೆಯಿರಿ. ಕೋಳಿ ಮಂಕಾದರೆ ಬೇರೆ ಇಡಿ, ಪಶು ಆಸ್ಪತ್ರೆಗೆ ತಿಳಿಸಿ, ಲಸಿಕೆ ತಪ್ಪಿಸಬೇಡಿ, ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ.

ದರ್ಜಿ ಹನ್ನೊಂದಕ್ಕೇ ಹೊರಗೆ ಬಂದ. ನಿಮ್ಮ ಗೂಡಿನಲ್ಲಿ ನೀವು ಎಷ್ಟರವರೆಗೆ ಎಣಿಸುತ್ತೀರಿ, ನೋಡಿ.