ತಂಡದ ಎಂಟನೆಯ ಜಾಗ

ಹೊಸ ಐರನ್‌ಗಳನ್ನು, ಅಂದರೆ ಲೋಹದ ತಲೆಯ ಗಾಲ್ಫ್ ಕೋಲುಗಳನ್ನು, ಕೊಳ್ಳುತ್ತೇನೆ ಎಂದಾಗ ನನ್ನ ಹೆಂಡತಿ ಪತ್ರಿಕೆಯಿಂದ ತಲೆ ಎತ್ತದೆಯೇ, "ಕೋಲು ಹೊಸದಾದ್ರೆ ಕೈ ಹೊಸದಾಗುತ್ತಾ?" ಎಂದು ಕೇಳಿದಳು. ಗಾಲ್ಫ್ ಎಂದರೆ ಅವಳ ಪಾಲಿಗೆ ವಯಸ್ಸಾದವರು ಚೆಂಡು ಕಳೆದುಕೊಳ್ಳಲೆಂದು ಮಾಡಿಕೊಂಡ ಏರ್ಪಾಡು. ಉತ್ತರ ಕೊಟ್ಟಿದ್ದರೆ ನಿಜ ಹೇಳಬೇಕಾಗುತ್ತಿತ್ತು, ಆಟದ ವಿಷಯದಲ್ಲಿ ನಿಜ ಹೇಳುವ ಅಭ್ಯಾಸ ನನಗೆ ತಪ್ಪಿ ಮೂರು ವರ್ಷವಾಗಿತ್ತು.

ನನ್ನ ಹಳೆಯ ಐರನ್‌ಗಳು ತೆಳ್ಳಗಿನವು. ಚೆಂಡು ಅವುಗಳ ನಟ್ಟನಡುವೆ ತಗುಲಿದರೆ ಸೊಗಸು. ಒಂದು ಬೆರಳಗಲ ಆಚೀಚೆಯಾದರೆ ಕೈ ಜುಮ್ಮೆನ್ನುತ್ತದೆ, ಚೆಂಡು ಹತ್ತಿರದ ಪೊದೆ ಸೇರುತ್ತದೆ. ಈಗ ಬರುವ ದಪ್ಪ ತಳದ, ಬೆನ್ನಿನಲ್ಲಿ ಗುಳಿ ಇರುವ ಐರನ್‌ಗಳು ಹಾಗಲ್ಲ. ಹೊಡೆತ ಓರೆಯಾದರೂ ಚೆಂಡನ್ನು ಹೇಗೋ ಮುಂದಕ್ಕೆ ಸಾಗಹಾಕುತ್ತವೆ. ನಾನು ಅವನ್ನು ಸೌಟು ಎಂದು ಕರೆಯುತ್ತಿದ್ದೆ. ನನ್ನ ಷಡ್ಡಕ, ನಾದಿನಿಯ ಗಂಡ, ಹತ್ತು ವರ್ಷದಿಂದ ಅಂಥ ಸೌಟುಗಳಲ್ಲೇ ಆಡುತ್ತಾನೆ. "ಏನಯ್ಯಾ, ಅಡುಗೆಮನೆಯಿಂದ ನೇರ ಇಲ್ಲಿಗೇ ಬಂದ್ಯಾ?" ಎಂದು ನಾಲ್ಕು ಜನರ ಮುಂದೆ ನಾನು ಕೇಳಿದಾಗಲೆಲ್ಲ ಅವನು ನಕ್ಕುಬಿಡುತ್ತಿದ್ದ. ಅವನದು ಕನ್ನಡಕದ ಅಂಗಡಿ. ದಿನವಿಡೀ ಜನರ ಕಣ್ಣ ಮುಂದೆ ಗಾಜು ಬದಲಿಸುತ್ತ, ಈಗ ಹೇಗೆ ಕಾಣುತ್ತೆ, ಈಗ ಹೇಗೆ ಎಂದು ಕೇಳುವ ಕೆಲಸ. ತಾಳ್ಮೆ ಇಲ್ಲದವನು ಆ ಅಂಗಡಿಯಲ್ಲಿ ಒಂದು ವಾರ ನಿಲ್ಲಲಾರ.

ನನಗೆ ಆ ತಾಳ್ಮೆ ಇಲ್ಲ. ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್ ಆಗಿ ಮೂವತ್ತೊಂದು ವರ್ಷ ಅಂಗಡಿಗಳಿಗೆ ನುಗ್ಗಿದವನು ನಾನು. ತಕ್ಕಡಿಯಲ್ಲಿ ಹತ್ತು ಗ್ರಾಂ ವ್ಯತ್ಯಾಸ ಕಂಡರೆ ಸಾಕು, ಅಂಗಡಿಯವನ ಬೆವರಿಳಿಸುತ್ತಿದ್ದೆ. ಕ್ಲಬ್ಬಿನಲ್ಲಿ ನನ್ನ ಅಡ್ಡಹೆಸರೇ 'ತಕ್ಕಡಿ'. ಬೆನ್ನ ಹಿಂದೆ ನಕ್ಕುಕೊಂಡು ಹೇಳುತ್ತಿದ್ದರೂ ನನಗೆ ಅದರಲ್ಲಿ ಹೆಮ್ಮೆಯಿತ್ತು.

ಸೌಟನ್ನು ಹೀಯಾಳಿಸಿದವನು ಸೌಟು ಕೊಳ್ಳಲು ಹೊರಟದ್ದು ಹೆದರಿಕೆಯಿಂದ. ವರ್ಷಕ್ಕೊಮ್ಮೆ ಪಕ್ಕದ ಊರಿನ ಕ್ಲಬ್ಬಿನ ಜೊತೆ ನಮಗೆ ಪಂದ್ಯ. ಹ್ಯಾಂಡಿಕ್ಯಾಪ್ ಕಡಿಮೆ ಇರುವ ಎಂಟು ಮಂದಿಯ ತಂಡ. ಹ್ಯಾಂಡಿಕ್ಯಾಪ್ ಎಂದರೆ ಆಟ ಸಾಲದವನಿಗೆ ಕೊಡುವ ಹೊಡೆತಗಳ ರಿಯಾಯಿತಿ. ಅದು ಕಡಿಮೆಯಾದಷ್ಟೂ ಮರ್ಯಾದೆ ಜಾಸ್ತಿ. ನನ್ನದು ಒಂಬತ್ತು, ಷಡ್ಡಕನದು ಹನ್ನೊಂದು. ಪಟ್ಟಿಯಲ್ಲಿ ನಾನು ಎಂಟನೆಯವನು, ಅವನು ಒಂಬತ್ತನೆಯವನು. ಅಂದರೆ ನಾನು ಆಡುತ್ತೇನೆ, ಅವನು ಹಗ್ಗದಾಚೆ ನಿಂತು ಚಪ್ಪಾಳೆ ತಟ್ಟುತ್ತಾನೆ. ಆ ಪಂದ್ಯವನ್ನು ಅವನು ಒಮ್ಮೆಯೂ ಆಡಿಲ್ಲ. ಬರುವ ತಿಂಗಳು ಅವನಿಗೆ ಎರಡೂ ಮಂಡಿಯ ಆಪರೇಷನ್. ಆಮೇಲೆ ಆಡುವ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿಯೂ ಆಗಿದೆ.

ಮತ್ತು ನನ್ನ ಒಂಬತ್ತು ಸುಳ್ಳು.

ನಮ್ಮ ಆಟದಲ್ಲಿ ನಮ್ಮ ಹೊಡೆತಗಳ ಲೆಕ್ಕವನ್ನು ಜೊತೆಗಾರ ಬರೆಯುತ್ತಾನೆ, ಕೊನೆಗೆ ಕಾರ್ಡಿಗೆ ಇಬ್ಬರೂ ಸಹಿ ಹಾಕಬೇಕು; ಹ್ಯಾಂಡಿಕ್ಯಾಪ್ ನಿಲ್ಲುವುದು ಆ ಕಾರ್ಡುಗಳ ಮೇಲೆ. ನನ್ನ ಕಾರ್ಡು ಬರೆಯುವವನು ಷಡ್ಡಕ. ಮೂರು ವರ್ಷದ ಹಿಂದಿನ ಒಂದು ಭಾನುವಾರ ಹನ್ನೊಂದನೇ ಕುಳಿಯ ಹತ್ತಿರ ಚೆಂಡು ಮರಳಿನ ಗುಂಡಿಗೆ ಬಿದ್ದು, ಒದ್ದಾಡಿ ಏಳು ಹೊಡೆತ ತೆಗೆದುಕೊಂಡೆ. ಕಾರ್ಡಿನಲ್ಲಿ ಆರು ಇತ್ತು. ನೋಡಿದೆ. ಆ ಒಂದು ಹೊಡೆತ ಲೆಕ್ಕಕ್ಕೆ ಸೇರದಿದ್ದರೆ ಹ್ಯಾಂಡಿಕ್ಯಾಪ್ ಹತ್ತಾಗದೆ ಒಂಬತ್ತರಲ್ಲೇ ನಿಲ್ಲುತ್ತದೆ ಎಂಬ ಲೆಕ್ಕ ತಲೆಯಲ್ಲಿ ಆಗಿಹೋಯಿತು. ಸಹಿ ಹಾಕಿದೆ. ಅದು ನಾನು ನಿವೃತ್ತನಾದ ವರ್ಷ. ನನ್ನನ್ನು ಕಂಡು ಎದ್ದು ನಿಲ್ಲುವವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಒಂಬತ್ತು ಎಂಬ ಅಂಕಿಯೊಂದು ಉಳಿದಿತ್ತು.

ಆಮೇಲಿನ ಭಾನುವಾರಗಳಲ್ಲಿ ಒಂದು ಎರಡಾಯಿತು, ಎರಡು ನಾಲ್ಕಾಯಿತು. ಅವನು ಅಕ್ಕರೆಯಿಂದ ಕಡಿಮೆ ಬರೆಯುತ್ತಾನೆ, ನನಗೆ ಗೊತ್ತಾಗಿಲ್ಲವೆಂದುಕೊಂಡಿದ್ದಾನೆ, ಅಂದುಕೊಳ್ಳಲಿ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ಪಂದ್ಯದ ದಿನ ಮಾತ್ರ ಈ ಅಕ್ಕರೆ ನಡೆಯುವುದಿಲ್ಲ. ಅಲ್ಲಿ ಬರೆಯುವವನು ಎದುರು ಕ್ಲಬ್ಬಿನವನು. ಹಿಂದಿನ ಎರಡು ವರ್ಷವೂ ಹೀನಾಯವಾಗಿ ಸೋತೆ. ಮೊದಲ ಸಲ ಜ್ವರ ಎಂದೆ, ಎರಡನೇ ಸಲ ಬೆನ್ನು ಹಿಡಿದುಕೊಂಡಿತು ಎಂದೆ. ಮೂರನೇ ಸಲಕ್ಕೆ ನನ್ನ ಹತ್ತಿರ ನೆಪವಿರಲಿಲ್ಲ, ಹನ್ನೆರಡು ದಿನವಷ್ಟೇ ಇತ್ತು.

ಗಾಲ್ಫ್ ಸಾಮಾನಿನ ಅಂಗಡಿಗೆ ಒಬ್ಬನೇ ಹೋಗಲು ಸಂಕೋಚವಾಗಿ ಷಡ್ಡಕನನ್ನೇ ಕರೆದುಕೊಂಡು ಹೋದೆ. ಹಿಂದಿನ ಕೋಣೆಯಲ್ಲಿ ಪ್ಲಾಸ್ಟಿಕ್ ಹುಲ್ಲಿನ ಚಾಪೆ, ಎದುರಿಗೆ ಬಲೆ, ಪಕ್ಕದಲ್ಲಿ ಚೆಂಡಿನ ವೇಗ, ದೂರ ಎಲ್ಲ ಅಳೆಯುವ ಯಂತ್ರ. ಕೋಲು ಅಳೆದು ಹೊಂದಿಸಿಕೊಡುವ ಕೆಲಸ ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳದು. ಕೂದಲನ್ನು ಬಿಗಿಯಾಗಿ ಕಟ್ಟಿ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು.

"ಹ್ಯಾಂಡಿಕ್ಯಾಪ್ ಎಷ್ಟು ಸರ್?"

"ಒಂಬತ್ತು."

"ಏಳನೇ ನಂಬರ್ ಐರನ್‌ನಲ್ಲಿ ಎಷ್ಟು ದೂರ ಹೋಗುತ್ತೆ?"

"ನೂರೈವತ್ತು ಮೀಟರ್," ಎಂದೆ. ಪಕ್ಕದಲ್ಲಿ ಷಡ್ಡಕ ತನ್ನ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ.

ಅವಳು ಕೋಲಿನ ಮುಖಕ್ಕೆ ತೆಳ್ಳನೆಯ ಕಾಗದ ಅಂಟಿಸಿದಳು. ಚೆಂಡು ತಗುಲಿದ ಕಡೆ ಅದರ ಮೇಲೆ ಕಪ್ಪು ಗುರುತು ಬೀಳುತ್ತದೆ. ಹತ್ತು ಚೆಂಡು ಹೊಡೆದೆ. ಪರದೆಯ ಮೇಲೆ ನೂರಾ ಹನ್ನೆರಡು, ತೊಂಬತ್ತಾರು, ನೂರಾ ನಾಲ್ಕು ಎಂದು ಬಂತು. ಕಾಗದ ನೋಡಿದರೆ ಗುರುತುಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಚೆಲ್ಲಾಪಿಲ್ಲಿ. ನಡುವೆ ಒಂದೂ ಇರಲಿಲ್ಲ.

ಅವಳು ಸ್ವಲ್ಪ ಹೊತ್ತು ಕಾಗದ ನೋಡಿ, "ಸರ್, ಒಂಬತ್ತು ಅಂದ್ರಲ್ಲ, ಅದು ಮುಂಚಿನದಾ? ಈಗಿನದು ಹೇಳಿದ್ರೆ ಸರಿಯಾದ ಕೋಲು ಕೊಡಬಹುದು. ನಾಚಿಕೊಳ್ಳೋದೇನಿಲ್ಲ, ಎಲ್ಲರಿಗೂ ವಯಸ್ಸಾಗುತ್ತೆ," ಎಂದಳು. ಮೆತ್ತಗೇ ಹೇಳಿದಳು. ನನಗೆ ಕೆನ್ನೆಗೆ ಬಿಗಿದಷ್ಟು ಉರಿಯಿತು.

ಷಡ್ಡಕ ಮುಂದೆ ಬಂದ. "ಬಿಸಿಲಲ್ಲಿ ಬಂದಿದಾರೆ ಕಣಮ್ಮ. ಮೊಣಕೈ ಬೇರೆ ನೋವು. ಇಲ್ದಿದ್ರೆ ಇವರು ಆಡೋದೇ ಬೇರೆ. ನಿಮ್ಮ ಯಂತ್ರ ಸರಿಯಾಗಿದೆ ತಾನೇ?"

ಮೊಣಕೈ ನೋವಿರಲಿಲ್ಲ. ಬಿಸಿಲೂ ಇರಲಿಲ್ಲ, ಬೆಳಗಿನಿಂದ ಮೋಡ. ಆದರೂ ಮುಳುಗುವವನಿಗೆ ಒಂದು ಹಿಡಿ ಸಿಕ್ಕಿದಂತಾಗಿ, ಮೂವತ್ತೊಂದು ವರ್ಷದ ಹಳೆಯ ಧ್ವನಿ ನನ್ನ ಗಂಟಲಿಂದ ತಾನಾಗಿಯೇ ಹೊರಬಿತ್ತು. "ಈ ಯಂತ್ರ ಕಡೇ ಸಲ ಪರೀಕ್ಷೆ ಆಗಿದ್ದು ಯಾವಾಗ? ಸರ್ಟಿಫಿಕೇಟ್ ಎಲ್ಲಿದೆ, ತೋರ್ಸಿ."

ಅವಳು ಕಪಾಟು ತೆರೆದು ಸರ್ಟಿಫಿಕೇಟ್ ತಂದುಕೊಟ್ಟಳು. ಪರೀಕ್ಷೆಯಾಗಿ ಆರು ದಿನವಾಗಿತ್ತು. ಮುದ್ರೆ, ಸಹಿ, ತಾರೀಖು ಎಲ್ಲ ಕ್ರಮಬದ್ಧ. ಅಂಥ ಕಾಗದದಲ್ಲಿ ಹುಳುಕು ಹುಡುಕುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ; ನನಗೇ ಏನೂ ಸಿಗಲಿಲ್ಲ.

"ಇನ್ನೂ ಅನುಮಾನ ಇದ್ರೆ ಇವರು ಹೊಡೀಲಿ ಸರ್," ಎಂದಳು ಷಡ್ಡಕನ ಕಡೆ ತಿರುಗಿ. "ಯಂತ್ರ ಹೇಗಿದೆ ಅಂತ ಗೊತ್ತಾಗುತ್ತೆ."

ಅವನು ಬೇಡ ಬೇಡವೆಂದ. ಮಂಡಿ ನೋವು ಎಂದ. ನಾನೇ ಹಟ ಹಿಡಿದು ಕೋಲನ್ನು ಅವನ ಕೈಗೆ ತುರುಕಿದೆ. ಅವನೂ ಕೆಟ್ಟದಾಗಿ ಹೊಡೆದರೆ ತಪ್ಪು ಯಂತ್ರದ ತಲೆಗೆ ಹೋಗುತ್ತದೆಂಬ ದುರಾಸೆ ನನಗೆ.

ಅಭ್ಯಾಸ ಬಲ, ಮೊದಲ ಎರಡು ಚೆಂಡನ್ನು ಅವನು ತನ್ನ ಎಂದಿನ ರೀತಿಯಲ್ಲೇ ಹೊಡೆದುಬಿಟ್ಟ. ನೂರಾ ಮೂವತ್ತೊಂದು. ನೂರಾ ಮೂವತ್ತು. ಕಾಗದದ ಮೇಲೆ ಎರಡು ಗುರುತು ಒಂದರ ಮೇಲೊಂದು ಕೂತಿದ್ದವು. ಆಗ ಅವನು ನನ್ನ ಮುಖ ನೋಡಿದ. ಮೂರನೇ ಹೊಡೆತಕ್ಕೆ ಕೋಲು ಚಾಪೆಗೆ ಬಡಿಯಿತು, ಚೆಂಡು ಮೂಲೆಗೆ ಉರುಳಿತು. ನಾಲ್ಕನೆಯದು ಗೋಡೆಗೆ ಹೋಯಿತು. "ನೋಡಿದ್ರಾ, ನಂದೂ ಹಾಗೇ ಬರ್ತಿದೆ," ಎಂದು ನಕ್ಕ.

ಇಪ್ಪತ್ತು ವರ್ಷದಿಂದ ಅವನ ಜೊತೆ ಆಡುತ್ತಿದ್ದೇನೆ. ಅವನು ಹಾಗೆ ಹೊಡೆದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಬೇಕೆಂದೇ ಕೆಡಿಸಿದ. ನನಗಾಗಿ, ಗುರುತು ಪರಿಚಯವಿಲ್ಲದ ಹೆಣ್ಣುಮಗಳೊಬ್ಬಳ ಮುಂದೆ, ಆ ಮಂಡಿಗಳ ಮೇಲೆ ನಿಂತು ತನ್ನ ಆಟವನ್ನು ತಾನೇ ಕೆಡಿಸಿಕೊಂಡ.

ಅವಳಿಗೂ ತಿಳಿಯಿತು. ಮೊದಲ ಎರಡು ಅಂಕಿಗಳನ್ನಷ್ಟೇ ಬರೆದುಕೊಂಡು, "ನೀವು ಕ್ಲಬ್ಬಿನ ತಂಡದಲ್ಲಿದ್ದೀರಾ?" ಎಂದು ಅವನನ್ನು ಕೇಳಿದಳು.

"ಇಲ್ಲಮ್ಮ. ನಾನು ಒಂಬತ್ತನೆಯವನು. ಎಂಟು ಜನಕ್ಕಷ್ಟೇ ಜಾಗ."

ನಾನು ಬೇಗಬೇಗ ಅತ್ಯಂತ ದಪ್ಪ ತಳದ ಐರನ್‌ಗಳನ್ನು ತೋರಿಸಿ ಅವೇ ಇರಲಿ ಎಂದೆ. ಹಿಡಿಯ ಗಾತ್ರ ಎಷ್ಟಿರಬೇಕು, ಉದ್ದ ಎಷ್ಟಿರಬೇಕು ಎಂದು ಅವಳು ಕೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ಯಾವುದಕ್ಕೆ ಹೂಂ ಎಂದೆನೋ ನೆನಪಿಲ್ಲ. ಅಲ್ಲಿಂದ ಹೊರಗೆ ಬಿದ್ದರೆ ಸಾಕಾಗಿತ್ತು. ಕಾರಿನಲ್ಲಿ ಷಡ್ಡಕ, "ಹೊಸ ಕೋಲು ಕೈಗೆ ಹತ್ತಿದ್ರೆ ಈ ಸಲ ಗೆಲ್ತೀರಿ ಭಾವ," ಎಂದ. ಇಷ್ಟು ದಿನ ಅಂಥ ಮಾತು ಕೇಳಿ ಉಬ್ಬುತ್ತಿದ್ದವನಿಗೆ ಅವತ್ತು ಅವನ ಪಕ್ಕ ಕೂರುವುದೇ ಕಷ್ಟವಾಯಿತು.

ಮರುದಿನ ಬೆಳಿಗ್ಗೆ ಕ್ಲಬ್ಬಿನ ಕ್ಯಾಪ್ಟನ್‌ರ ಕೋಣೆಗೆ ಹೋದೆ. ಅವರು ನಿವೃತ್ತ ನ್ಯಾಯಾಧೀಶರು, ಮಾತು ಕಡಿಮೆ. ಎಲ್ಲ ಹೇಳಿಬಿಡುವುದು, ಕ್ಲಬ್ಬಿನಿಂದ ಹೊರಹಾಕಿದರೂ ಸರಿ ಎಂದು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. "ನನ್ನ ಕಾರ್ಡುಗಳ ವಿಷಯ," ಎಂದು ಶುರು ಮಾಡಿದೆ. ಅವರ ಮೇಜಿನ ಮೇಲೆ ಹಿಂದಿನ ಭಾನುವಾರದ ಕಾರ್ಡುಗಳ ಕಟ್ಟು ಇತ್ತು. ಮೇಲಿದ್ದದ್ದು ನನ್ನದೇ. ಕೆಳಗೆ ನನ್ನ ಸಹಿ, ಅದರ ಪಕ್ಕದಲ್ಲಿ ಷಡ್ಡಕನ ಗುಂಡು ಅಕ್ಷರದ ಸಹಿ.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಒಬ್ಬ ಸದಸ್ಯನ ಕಾರ್ಡಿನಲ್ಲಿ ಒಂದೇ ಒಂದು ಹೊಡೆತ ತಪ್ಪಿದ್ದಾಗ, ಆಡಿದವನ ಜೊತೆಗೆ ಬರೆದವನನ್ನೂ ಹೊರಹಾಕಬೇಕು ಎಂದು ಸಭೆಯಲ್ಲಿ ಮೇಜು ಕುಟ್ಟಿದವನು ನಾನು. ಆ ನಿಯಮ ಬರೆಸಿದವನೂ ನಾನೇ. ಆ ವೇಳೆಗೆ ನನ್ನ ಕಾರ್ಡುಗಳು ಸುಳ್ಳಾಗಿ ಒಂದು ವರ್ಷ ಆಗಿತ್ತು. ಈಗ ನಾನು ನಿಜ ಹೇಳಿದರೆ ನನ್ನ ಜೊತೆ ಅವನೂ ಹೋಗುತ್ತಾನೆ. ಹೇಳದಿದ್ದರೆ ಅವನ ಜಾಗದಲ್ಲಿ ನಾನು ಆಡುತ್ತೇನೆ.

"ಕಾರ್ಡಿಗೇನಾಯ್ತು?" ಎಂದರು ಕ್ಯಾಪ್ಟನ್.

"ಏನಿಲ್ಲ. ಇನ್ಮೇಲೆ ಸ್ವಲ್ಪ ದಿನ ಕಾರ್ಡು ಕೊಡಲ್ಲ ಅಂತ ಹೇಳೋಕೆ ಬಂದೆ. ಮೊಣಕೈ ತುಂಬ ನೋವು. ಪಂದ್ಯಕ್ಕೂ ಆಗಲ್ಲ. ನನ್ನ ಷಡ್ಡಕನ್ನ ಹಾಕ್ಕೊಳ್ಳಿ."

ಅವರು ಪಟ್ಟಿ ತೆಗೆದು ನನ್ನ ಹೆಸರು ಹೊಡೆದುಹಾಕಿ ಅವನ ಹೆಸರು ಬರೆದರು. ಆಮೇಲೆ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ನೋವು ಗೀವು ಏನೂ ಇಲ್ಲ ಅಂತ ನನಗೆ ಗೊತ್ತು. ಅವರ ಆಪರೇಷನ್ ವಿಷಯ ನಾನೂ ಕೇಳಿದೀನಿ. ಇಂಥ ದೊಡ್ಡ ಮನಸ್ಸು ಎಲ್ಲರಿಗೂ ಬರಲ್ಲ," ಎಂದರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಬಾಗಿಲಾಚೆ ನಿಂತಿದ್ದ ಇಬ್ಬರು ಸದಸ್ಯರಿಗೂ ಅದು ಕೇಳಿಸಿತು, ಅವರು ಬಂದು ಕೈ ಕುಲುಕಿದರು. ನಾನು ಬೇಡ ಎನ್ನದೆ ಕೈ ಚಾಚಿದೆ. ಕದ್ದ ಮಾಲನ್ನು ವಾಪಸು ಕೊಟ್ಟವನಿಗೆ ದಾನಿ ಎಂಬ ಬಿರುದು ಸಿಕ್ಕಿತ್ತು.

ನೇರ ಕನ್ನಡಕದ ಅಂಗಡಿಗೆ ಹೋದೆ. ಷಡ್ಡಕ ಒಬ್ಬನೇ ದೀಪದ ಕೆಳಗೆ ಕೂತು ಒಂದು ಫ್ರೇಮಿಗೆ ಸಣ್ಣ ಸ್ಕ್ರೂ ಬಿಗಿಯುತ್ತಿದ್ದ. ಕ್ಯಾಪ್ಟನ್ ಆಗಲೇ ಫೋನ್ ಮಾಡಿದ್ದರು. ಅವನ ಕಣ್ಣು ಕೆಂಪಾಗಿತ್ತು.

"ಮೊಣಕೈ ಹೇಗಿದೆ ಭಾವ?" ಎಂದ. ಅವನೇ ಕಟ್ಟಿದ ಸುಳ್ಳನ್ನು ನನಗೋಸ್ಕರ ಇನ್ನೂ ನಡೆಸಿಕೊಂಡು ಹೋಗುತ್ತಿದ್ದ.

"ಮೊಣಕೈಗೆ ಏನೂ ಆಗಿಲ್ಲ, ನಿನಗೂ ಗೊತ್ತು. ನಾನು ಒಂದು ವಿಷಯ ಹೇಳೋಕೆ ಬಂದೆ. ನೀನು ನನ್ನ ಕಾರ್ಡಲ್ಲಿ ಕಡಿಮೆ ಬರೀತಿದ್ದೆಯಲ್ಲ, ನನಗೆ ಗೊತ್ತಿಲ್ಲ ಅನ್ಕೊಂಡಿದ್ದೆ ನೀನು. ನನಗೆ ಗೊತ್ತಿತ್ತು. ಮೊದಲನೇ ದಿನದಿಂದ ಗೊತ್ತಿತ್ತು. ನಿನ್ನ ಜಾಗ ನಾನು ಗೊತ್ತಿದ್ದೇ ತಿಂದೆ."

ಹೇಳಿದ ಮೇಲೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಅವನು ಫ್ರೇಮನ್ನು ಮೇಜಿನ ಮೇಲಿಟ್ಟ.

"ಮೊದಲನೇ ದಿನ ನಾನು ಬೇಕಂತ ಕಡಿಮೆ ಬರೀಲಿಲ್ಲ ಭಾವ. ಎಣಿಸೋದ್ರಲ್ಲಿ ತಪ್ಪಿಹೋಯ್ತು. ಕಾರ್ಡ್ ನಿಮ್ಮ ಕೈಗೆ ಕೊಟ್ಟ ಮೇಲೆ, ಅಯ್ಯೋ ಏಳಲ್ವಾ ಅಂತ ಹೊಳೀತು. ಹತ್ತು ಗ್ರಾಂಗೆ ಬಿಡೋರಲ್ಲ ನೀವು, ಈಗ ಎಲ್ಲರ ಮುಂದೆ ನನಗೆ ಮಂಗಳಾರತಿ ಆಗುತ್ತೆ ಅಂತ ಕಾಯ್ತಾ ನಿಂತಿದ್ದೆ. ಕಾರ್ಡಲ್ಲಿ ಹನ್ನೊಂದನೇ ಕುಳಿಯ ಮನೆ ಮೇಲೆ ನಿಮ್ಮ ಬೆರಳು ನಿಂತಿತು. ನಾನು ನೋಡ್ತಾನೇ ಇದ್ದೆ. ಆಮೇಲೆ ಸಹಿ ಹಾಕಿದ್ರಿ."

"ಅವತ್ತೇ ಯಾಕೆ ಕೇಳಲಿಲ್ಲ?"

"ಹೇಗೆ ಕೇಳಲಿ? ನೀವು ಯಾವತ್ತೂ ಯಾರ ಹತ್ರಾನೂ ಏನೂ ಬೇಡಿದವರಲ್ಲ. ಅವತ್ತು ಒಂದು ಹೊಡೆತ ಬೇಡಿದ ಹಾಗಿತ್ತು. ಇವರಿಗೆ ಇದು ಅಷ್ಟು ಬೇಕಾಗಿದ್ಯಾ ಅನ್ನಿಸ್ತು. ಆಮೇಲಿಂದ ಬರೆದುಕೊಟ್ಟೆ." ಅವನು ಮೇಜಿನ ಮೇಲಿದ್ದ ಫ್ರೇಮನ್ನು ಪಕ್ಕಕ್ಕೆ ಸರಿಸಿದ. "ಆದ್ರೂ ಪ್ರತಿ ಭಾನುವಾರ ಕಾರ್ಡ್ ಕೊಡುವಾಗ, ಇವತ್ತು ತಿದ್ದುತ್ತಾರೆ, ಇವತ್ತು ತಿದ್ದುತ್ತಾರೆ ಅಂತ ಕಾದೆ ಭಾವ."

ನಾನು ಕಣ್ಣು ಪರೀಕ್ಷೆಗೆ ಬರುವವರು ಕೂರುವ ಎತ್ತರದ ಕುರ್ಚಿಯಲ್ಲಿ ಕೂತುಬಿಟ್ಟೆ. ಎದ್ದು ಹೋಗುವ ಮುಖ ನನಗಿರಲಿಲ್ಲ. ಅವನು ನನ್ನನ್ನು ಒಮ್ಮೆ ನೋಡಿ, ಮೇಜನ್ನು ಹಿಡಿದುಕೊಂಡು ಕಷ್ಟಪಟ್ಟು ಎದ್ದು, ಮಂಡಿ ಉಜ್ಜಿಕೊಳ್ಳುತ್ತ ನನಗೆ ಕುಡಿಯಲು ನೀರು ತರಲು ಒಳಗೆ ಹೋದ.