ಕಪ್ಲರಿನ ಕಿಲುಬು

ಕಳೆ ಕೀಳುವ ಮಿಷನ್ನು ಪುಟ್ಟಸ್ವಾಮಿಯ ಹೊಲದಲ್ಲಿ ಒಂದು ಸಲವೂ ಕೆಡುತ್ತಿರಲಿಲ್ಲ. ದೇವನೂರಿನ ಸೋಮಶೇಖರನ ತಲೆಗೆ ಅನುಮಾನದ ಹುಳ ಹೊಕ್ಕಿದ್ದೇ ಅಲ್ಲಿಂದ. ಇಬ್ಬರು ಗೆಳೆಯರೂ ಅರ್ಧರ್ಧ ಹಾಕಿ ಕೊಂಡ ಮಿಷನ್ನು. ಒಂದು ವಾರ ಅವನಲ್ಲಿ, ಒಂದು ವಾರ ಇವನಲ್ಲಿ. ಅಲ್ಲಿ ಗುಡುಗುಡು ಅನ್ನುತ್ತಿದ್ದದ್ದು ಇಲ್ಲಿಗೆ ಬಂದು ಎರಡು ದಿನಕ್ಕೆಲ್ಲ ಮುಷ್ಕರ ಹೂಡುತ್ತಿತ್ತು. ಪ್ರತಿ ಸಲವೂ ಹಿಡಿಯ ಕೆಳಗೆ ವೈರುಗಳನ್ನು ಜೋಡಿಸುವ ಕಪ್ಲರೇ ಕೆಟ್ಟಿರುತ್ತಿತ್ತು. ನಂಜನಗೂಡಿಗೆ ಒಯ್ದರೆ ಮೆಕ್ಯಾನಿಕ್ ಶಿವರಾಜು ಹಳೆಯದನ್ನು ಕತ್ತರಿಸಿ ಎಸೆದು ಹೊಸದು ಹಾಕಿ ಕೊಡುತ್ತಿದ್ದ.

"ನಿನ್ ಪಾಲ್ನೂ ನಂಗೇ ಬುಟ್ಬುಡ್ಲಾ ಸೋಮ" ಎಂದು ಪುಟ್ಟಸ್ವಾಮಿ ಯಾವಾಗಲೋ ಟೀ ಅಂಗಡಿಯಲ್ಲಿ ನಗಾಡಿದ್ದ. ಬೇಸತ್ತು ಬಿಟ್ಟುಕೊಡಲಿ ಅಂತಲೇ ವೈರು ಕೆಡಿಸಿ ಕಳಿಸುತ್ತಾನೆ, ಇನ್ನೇನು? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. "ಯಾಕ್ಲಾ, ತಿರ್ಗಾ ಕೆಟ್ಟೋಯ್ತಾ?" ಎಂದು ಪುಟ್ಟಸ್ವಾಮಿ ವಿಚಾರಿಸಿದರೂ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕಂಡಿತು.

ಕೊನೆಗೆ ಸೋಮಶೇಖರ ನಾಲ್ಕು ಜನರೆದುರು ಬಾಯಿಬಿಟ್ಟ.

"ನೀನು ಮುಟ್ಟಿಲ್ಲ ಅನ್ನಂಗಿದ್ರೆ ಮಾದಪ್ಪನ ಗುಡೀಲಿ ಕರ್ಪೂರ ಆರ್ಸು. ನೋಡೇಬುಡಾನ."

ಒದ್ದೆ ಬಟ್ಟೆಯಲ್ಲಿ ನಿಂತು, ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಡಿದ ಮಾತು ಆ ಊರಿನಲ್ಲಿ ಕಲ್ಲಿನ ಮೇಲೆ ಬರೆದಂತೆ. ಅದನ್ನು ಕಳ್ಳನಿಗೆ ಹೇಳುತ್ತಾರೆಯೇ ಹೊರತು ಒಂದೇ ತಟ್ಟೆಯಲ್ಲಿ ಉಂಡವನಿಗಲ್ಲ. ಪುಟ್ಟಸ್ವಾಮಿಯ ಮುಖ ಕಪ್ಪಿಟ್ಟಿತು.

"ಆಯ್ತು ಕಣಪ್ಪ. ಸ್ವಾಮಾರ ಸಂಜೆ ಬತ್ತೀನಿ" ಎಂದು ಎದ್ದು ಹೋದ.

ಸೋಮವಾರ ಮಧ್ಯಾಹ್ನ ಸೋಮಶೇಖರ ಮಿಷನ್ನನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಶಿವರಾಜುವಿನ ಅಂಗಡಿಗೆ ಬಂದ.

"ಒಸ್ದು ಆಕ್ಬ್ಯಾಡ. ಅವ್ನು ಎಲ್ಲಿ ಕತ್ತರಿಸವ್ನೆ, ಬಿಚ್ಚಿ ತೋರ್ಸು. ಫೋಟೊ ಬೇಕು."

ಶಿವರಾಜು ಕಪ್ಲರ್ ಬಿಡಿಸಿದ. ಕತ್ತರಿಸಿದ ಗುರುತೇ ಇಲ್ಲ. ಹಿತ್ತಾಳೆ ಪಿನ್ನುಗಳಿಗೆಲ್ಲ ಹಸಿರು ಕಿಲುಬು ಹಿಡಿದಿತ್ತು. ನಡುವೆ ಒಂದು ನಿಂಬೆ ಬೀಜ ಅಂಟಿಕೊಂಡಿತ್ತು.

"ಪಾನಕ ಗೀನಕ ಚೆಲ್ಲಿದ್ರಾ ಸಾ?"

ಸೋಮಶೇಖರ ಆ ಬೀಜವನ್ನು ಉಗುರಿನಿಂದ ಕಿತ್ತು ನೋಡಿದ. ಊರ ಕಣ್ಣು, ಅದರಲ್ಲೂ ಪುಟ್ಟಸ್ವಾಮಿಯ ಕಣ್ಣು ಬೀಳದಿರಲಿ ಅಂತ ಮಿಷನ್ನು ತನ್ನ ಅಂಗಳಕ್ಕೆ ಬಂದಾಗೆಲ್ಲ ಕುಂಕುಮ ತುಂಬಿದ ನಿಂಬೆ ಹೋಳನ್ನು ಹಿಡಿಗೆ ಕಟ್ಟುತ್ತಿದ್ದವನು ಅವನೇ. ಪುಟ್ಟಸ್ವಾಮಿಗೆ ಗೊತ್ತಾಗದಿರಲಿ ಅಂತ ಕಳಿಸುವ ಮುಂಚೆ ಬಿಚ್ಚಿಬಿಡುತ್ತಿದ್ದವನೂ ಅವನೇ. ಹುಳಿಯೆಲ್ಲ ನೇರ ಕಪ್ಲರಿಗೆ ಇಳಿದಿತ್ತು.

ಫೋನ್ ಮಾಡಿದರೆ ಪುಟ್ಟಸ್ವಾಮಿಯದು ಸ್ವಿಚ್ ಆಫ್. ಮಿಷನ್ನು ಅಲ್ಲೇ ಬಿಟ್ಟು, ಸಿಕ್ಕಿದ ಬಸ್ಸು ಹತ್ತಿ, ಊರಲ್ಲಿ ಇಳಿದವನೇ ಗುಡಿಗೆ ಓಡಿದ.

ಪುಟ್ಟಸ್ವಾಮಿ ಒದ್ದೆ ಪಂಚೆಯಲ್ಲಿ ಮೇಲಿನ ಮೆಟ್ಟಿಲ ಮೇಲೆ ನಿಂತಿದ್ದ. ಅಂಗೈ ಮಸಿಯಾಗಿತ್ತು.

"ತಪ್ಪು ನಂದು ಕಣ್ಲಾ ಪುಟ್ಟ! ನಾನೇ ನಿಂಬೇಣ್ಣು ಕಟ್ಟಿ..." ಸೋಮಶೇಖರ ಗುಡಿಯ ಮುಂದೆ ನೆರೆದಿದ್ದ ಅದೇ ನಾಲ್ಕು ಜನರ ಎದುರು ಒಂದೂ ಮುಚ್ಚಿಡದೆ ಹೇಳಿದ.

ಪುಟ್ಟಸ್ವಾಮಿ ಪೂರ್ತಿ ಕೇಳಿಸಿಕೊಂಡ. ಬೈದಿದ್ದರೆ ಚೆನ್ನಾಗಿತ್ತು.

"ವೈರ್ ಮುಟ್ಟಿಲ್ಲ ಅಂತ ಒಂದ್ ಕರ್ಪೂರ ಆರಿಸ್ದೆ ಸೋಮ. ಆಮ್ಯಾಕೆ ಇನ್ನೊಂದು ಅಚ್ಚಿ ಅದ್ನೂ ಆರಿಸ್ದೆ."

"ಅದ್ಯಾಕ್ಲಾ?"

"ಈ ಮೆಟ್ಲು ಇಳುದ್ ಮ್ಯಾಕೆ ನಿನ್ ಜತೆ ಪಾಲಿಲ್ಲ, ಮಾತೂ ಇಲ್ಲ ಅಂತ."

ಪಂಚೆಯ ಅಂಚು ಹಿಂಡಿಕೊಂಡು ಅವನು ಮೆಟ್ಟಿಲಿಳಿದ. ಸೋಮಶೇಖರ ಹೆಸರು ಹಿಡಿದು ಕೂಗಿದ, ಹಿಂದೆ ಹಿಂದೆಯೇ ಬಂದು ಮತ್ತೆ ಕೂಗಿದ. ಪುಟ್ಟಸ್ವಾಮಿ ಒಂದು ಗಳಿಗೆ ನಿಂತ, ಬಾಯಿ ತೆರೆದ, ಏನೂ ಹೇಳದೆ ಮನೆಯ ಕಡೆ ನಡೆದ.